ಇದ್ದೂ ಸಿಗದ ಸತು: ಹೊಲದಿಂದ ಹಿರಿಯರ ಮೈವರೆಗೆ ಒಂದು ಚರಿತ್ರೆ

ನಮ್ಮ ತಾತ ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯಲ್ಲಿದ್ದಾರೆ. ಎಪ್ಪತ್ತು ದಾಟಿ ವರ್ಷಗಳಾದವು. 2021ರಲ್ಲಿ ಕೊರೋನಾದ ಎರಡನೇ ಅಲೆ ಬಂದಾಗ ಪಟ್ಟಣದ ಒಂದು ಔಷಧಿ ಅಂಗಡಿಯಿಂದ ಜಿಂಕ್ ಮಾತ್ರೆಯ ಹಾಳೆಗಳನ್ನು ತಂದುಕೊಟ್ಟವರು ನಾವೇ. ದಿನಕ್ಕೆ 50 ಮಿಲಿಗ್ರಾಂ. ಅಲೆ ಹೋಯಿತು, ಮಾತ್ರೆ ಹೋಗಲಿಲ್ಲ. 'ಶಕ್ತಿ ಬರುತ್ತೆ ಬಿಡಪ್ಪ' ಎಂದು ತಾತ ಒಂದು ವರ್ಷಕ್ಕೂ ಮೇಲೆ ನುಂಗಿದರು. ಕೊನೆಗೆ ಮುಖ ಬಿಳಿಚಿತು, ನಡಿಗೆ ತಡವರಿಸಿತು. ರಕ್ತ ಪರೀಕ್ಷೆ ಮಾಡಿಸಿದ ವೈದ್ಯರು ಮೊದಲು ಕೇಳಿದ್ದು, 'ಮನೆಯಲ್ಲಿ ಯಾವ ಯಾವ ಮಾತ್ರೆ ತಗೊಳ್ತಿದ್ದಾರೆ, ಎಲ್ಲ ಹಾಳೆ ತನ್ನಿ' ಎಂದು. ಜಿಂಕ್ ಹಾಳೆ ನೋಡಿದ ಕೂಡಲೇ ನಿಲ್ಲಿಸಿಸಿದರು.

ಒಳ್ಳೆಯದಾಗಲಿ ಎಂದು ಕೊಟ್ಟದ್ದು ಹೀಗೇಕಾಯಿತು ಎಂದು ಹುಡುಕಹೋದ ನಮಗೆ ಒಂದು ದೊಡ್ಡ ಕಥೆಯೇ ಸಿಕ್ಕಿತು. ಅದು ಉದಯಪುರದ ಗಣಿ, ಇರಾನಿನ ಆಸ್ಪತ್ರೆ, ಮೈಸೂರಿನ ಪ್ರಯೋಗಾಲಯಗಳನ್ನು ಹಾದು ನಮ್ಮ ಹಿರಿಯೂರು, ಹೊಸದುರ್ಗದ ಹೊಲಗಳಿಗೂ ಬಂದು ಮುಟ್ಟುತ್ತದೆ. ಆ ಕಥೆಯಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ. ಸತು ಎಷ್ಟೋ ಕಡೆ ಇಲ್ಲದ್ದಲ್ಲ. ಇದೆ, ಆದರೆ ಬೇಕಾದ ಕಡೆ, ಬೇಕಾದ ಹೊತ್ತಿಗೆ ಸಿಗುವುದಿಲ್ಲ. ಮಣ್ಣಿನಲ್ಲಿ ಹಾಗೆ, ಕಾಳಿನಲ್ಲಿ ಹಾಗೆ, ವಯಸ್ಸಾದವರ ಮೈಯಲ್ಲಿಯೂ ಹಾಗೆ.

ಮನೆಯೊಳಗಿನ ಹಳೆಯ ಲೋಹ

ಸತು ಅಂದರೆ ಜಿಂಕ್. ನಮಗೆ ಹೊಸದಲ್ಲ. ಅಟ್ಟದ ಮೇಲಿನ ಹಿತ್ತಾಳೆ ಕೊಳಗ ತಾಮ್ರ ಮತ್ತು ಸತುವಿನ ಬೆರಕೆ. ನಮ್ಮ ರಾಜ್ಯದ ಬೀದರಿನ ಬಿದರಿ ಕಲೆಯ ಹೂಜಿ, ತಟ್ಟೆಗಳಲ್ಲಿ ಬಹುಪಾಲು ಸತುವೇ, ಜೊತೆಗೆ ಸ್ವಲ್ಪ ತಾಮ್ರ. ಅದರ ಮೇಲೆ ಬೆಳ್ಳಿಯ ಕುಸುರಿ.

ಸತುವನ್ನು ಅದಿರಿನಿಂದ ತೆಗೆಯುವುದು ಕಬ್ಬಿಣ ತೆಗೆದಷ್ಟು ಸುಲಭವಲ್ಲ. ಅದಿರು ಕರಗುವಷ್ಟು ಬಿಸಿ ಮಾಡಿದರೆ ಸತು ಹಬೆಯಾಗಿ ಹಾರಿಹೋಗುತ್ತದೆ. ಆ ಹಬೆಯನ್ನು ಹಿಡಿದು ತಣಿಸುವ ಉಪಾಯವನ್ನು ರಾಜಸ್ಥಾನದ ಉದಯಪುರದ ಹತ್ತಿರದ ಜಾವರ್ ಎಂಬಲ್ಲಿನ ಕುಶಲಕರ್ಮಿಗಳು ಶತಮಾನಗಳ ಹಿಂದೆಯೇ ಕಂಡುಕೊಂಡಿದ್ದರು. ಬದನೆಕಾಯಿಯಂಥ ಮಣ್ಣಿನ ಮೂಸೆಗಳನ್ನು ತಲೆಕೆಳಗಾಗಿ ಕೂರಿಸಿ, ಮೇಲಿನಿಂದ ಬೆಂಕಿ ಕೊಟ್ಟು, ಹಬೆಯನ್ನು ಕೆಳಕ್ಕೆ ಇಳಿಸಿ ತಣಿಸುತ್ತಿದ್ದರು. ಬ್ರಿಟನ್ನಿನಲ್ಲಿ ವಿಲಿಯಂ ಚಾಂಪಿಯನ್ ಎಂಬಾತ ಸತು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ಜಾವರ್‌ನವರು ಅದಕ್ಕೂ ಎಷ್ಟೋ ಮುಂಚಿನವರು. ಆಯುರ್ವೇದದ ಯಶದ ಭಸ್ಮವೂ ಇದೇ ಸತುವಿನದು.

ಇದು ಪಾತ್ರೆಯ ಸತುವಿನ ಕಥೆ. ಜೀವಕ್ಕೂ ಸತು ಬೇಕು ಎಂಬುದು ಗೊತ್ತಾಗಲು ಬಹಳ ಕಾಲ ಹಿಡಿಯಿತು. 1869ರಲ್ಲಿ ಫ್ರಾನ್ಸಿನ ಜೂಲ್ ರೌಲಿನ್ ಎಂಬ ವಿಜ್ಞಾನಿ ರೊಟ್ಟಿಯ ಮೇಲೆ ಬೆಳೆಯುವಂಥ ಕಪ್ಪು ಬೂಷ್ಟಿಗೆ ಸತು ಇಲ್ಲದಿದ್ದರೆ ಬೆಳವಣಿಗೆಯಿಲ್ಲ ಎಂದು ತೋರಿಸಿದ. 1934ರಲ್ಲಿ ಅಮೆರಿಕದಲ್ಲಿ ಇಲಿಗಳಿಗೂ ಅದು ಬೇಕೆಂದು ಗೊತ್ತಾಯಿತು. 1955ರಲ್ಲಿ ಹಂದಿಗಳ ಚರ್ಮ ಒರಟಾಗಿ ಸಿಪ್ಪೆ ಏಳುವ ಕಾಯಿಲೆಗೆ ಸತುವಿನ ಕೊರತೆಯೇ ಕಾರಣ ಎಂದಾಯಿತು. ಮನುಷ್ಯನ ವಿಷಯಕ್ಕೆ ಬಂದರೆ, ತಿನ್ನುವ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಸತು ಇದ್ದೇ ಇರುತ್ತದೆ, ಕೊರತೆ ಎಲ್ಲಿಂದ ಬಂತು ಎಂದು ಎಲ್ಲರೂ ಸುಮ್ಮನಿದ್ದರು.

ಶಿರಾಜಿನ ಹುಡುಗರು

ಈ ನಂಬಿಕೆಯನ್ನು ಮುರಿದವರು ಭಾರತದವರು. ಬಿಹಾರದ ಬಕ್ಸರ್‌ನಲ್ಲಿ 1928ರಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್. ಪಟ್ನಾದಲ್ಲಿ ವೈದ್ಯಕೀಯ ಓದಿ, ಅಮೆರಿಕದಲ್ಲಿ ತರಬೇತಿ ಪಡೆದು, 1958ರಲ್ಲಿ ಇರಾನಿನ ಶಿರಾಜ್ ನಗರಕ್ಕೆ ಹೋದರು. ಅಲ್ಲಿ ಒಬ್ಬ ರೋಗಿಯನ್ನು ಅವರಿಗೆ ತೋರಿಸಲಾಯಿತು. ವಯಸ್ಸು 21, ನೋಡಲು 10 ವರ್ಷದ ಹುಡುಗ. ಮೀಸೆ ಮೊಳೆತಿಲ್ಲ, ರಕ್ತ ಇಲ್ಲ, ಪಿತ್ತಜನಕಾಂಗ ಮತ್ತು ಗುಲ್ಮ ಎರಡೂ ಊದಿವೆ. ಊಟ ಎಂದರೆ ಹೆಚ್ಚಾಗಿ ಗೋಧಿಯ ರೊಟ್ಟಿ. ಜೊತೆಗೆ ಮಣ್ಣು ತಿನ್ನುವ ಅಭ್ಯಾಸ. ಇಂಥವರೇ ಸುತ್ತಲ ಹಳ್ಳಿಗಳಲ್ಲಿ ಇನ್ನೂ ಕೆಲವರು ಸಿಕ್ಕರು.

ರಕ್ತಹೀನತೆಗೆ ಕಬ್ಬಿಣದ ಕೊರತೆ ಕಾರಣ ಎನ್ನಬಹುದು. ಆದರೆ ಕಬ್ಬಿಣ ಕಡಿಮೆಯಾದ ಮಾತ್ರಕ್ಕೆ ಬೆಳವಣಿಗೆ ಹೀಗೆ ನಿಲ್ಲುವುದಿಲ್ಲ. ಕಬ್ಬಿಣವನ್ನು ತಡೆಯುವ ವಸ್ತು ಇನ್ನೊಂದು ಲೋಹವನ್ನೂ ತಡೆಯುತ್ತಿರಬೇಕು, ಅದು ಸತು ಇರಬಹುದು ಎಂದು ಪ್ರಸಾದ್ 1961ರಲ್ಲಿ ಬರೆದರು. 1963ರ ಹೊತ್ತಿಗೆ ಈಜಿಪ್ಟಿನ ಹಳ್ಳಿಗಳ ಇಂಥದೇ ಹುಡುಗರಲ್ಲಿ ಅದನ್ನು ಸಾಬೀತು ಮಾಡಿದರು. ಸತು ಕೊಟ್ಟಾಗ ಒಂದೇ ವರ್ಷದಲ್ಲಿ ಐದಾರು ಅಂಗುಲ ಬೆಳೆದವರಿದ್ದರು. 1974ರಲ್ಲಿ ಅಮೆರಿಕದ ಆಹಾರ ಪಟ್ಟಿಯಲ್ಲಿ ಸತುವಿಗೆ ದಿನದ ಪ್ರಮಾಣ ನಿಗದಿಯಾಯಿತು.

ಶಿರಾಜಿನಲ್ಲಿ ಪ್ರಸಾದ್ ಗಮನಿಸಿದ ಇನ್ನೊಂದು ಸಂಗತಿ ನಮ್ಮ ಕಥೆಗೆ ಮುಖ್ಯ. ಅಲ್ಲಿನ ಆ ಕುಳ್ಳ ಹುಡುಗರಲ್ಲಿ ಹೆಚ್ಚಿನವರು 25 ವರ್ಷ ದಾಟುತ್ತಿರಲಿಲ್ಲ. ಸಾಯುತ್ತಿದ್ದದ್ದು ಸೋಂಕಿನಿಂದ. ಸತುವಿಗೂ ರೋಗ ತಡೆಯುವ ಶಕ್ತಿಗೂ ಸಂಬಂಧವಿದೆ ಎಂಬ ಅನುಮಾನ ಅಲ್ಲೇ ಹುಟ್ಟಿತು.

ಕಾಳಿನೊಳಗಿನ ಬೀಗ

ಗೋಧಿ ರೊಟ್ಟಿಯಲ್ಲಿ ಸತು ಇರಲಿಲ್ಲವೇ? ಇತ್ತು. ಅದನ್ನು ಬಿಗಿಯಾಗಿ ಹಿಡಿದಿಟ್ಟದ್ದು ಫೈಟೇಟ್ ಎಂಬ ವಸ್ತು. ಕಾಳು ಮೊಳೆಯುವಾಗ ಬೇಕಾಗುವ ರಂಜಕವನ್ನು ಗಿಡವು ಹೊಟ್ಟಿನಲ್ಲಿ ಹೀಗೆ ಗಂಟು ಕಟ್ಟಿ ಇಟ್ಟಿರುತ್ತದೆ. ಆ ಗಂಟಿಗೆ ಸತುವೂ ಕಬ್ಬಿಣವೂ ಅಂಟಿಕೊಳ್ಳುತ್ತವೆ. ನಮ್ಮ ಕರುಳಿಗೆ ಆ ಗಂಟು ಬಿಚ್ಚಲು ಬಾರದು. ಬಾಯಿಂದ ಹೋದದ್ದು ಹಾಗೇ ಹೊರಗೆ ಹೋಗುತ್ತದೆ. ಶಿರಾಜಿನ ಹಳ್ಳಿಗಳ ರೊಟ್ಟಿ ಹುಳಿ ಬರಿಸದ ಹಿಟ್ಟಿನದು. ಹಿಟ್ಟು ಹುಳಿದರೆ ಸೂಕ್ಷ್ಮಜೀವಿಗಳು ಫೈಟೇಟನ್ನು ಒಡೆಯುತ್ತವೆ.

ನಮ್ಮ ರಾಗಿಯಲ್ಲೂ ಫೈಟೇಟ್ ಇದೆ. ಒಂದು ಸಣ್ಣ ಲೆಕ್ಕ ನೋಡೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 2.5 ಮಿಲಿಗ್ರಾಂ ಸತು. ದಿನಕ್ಕೆ 200 ಗ್ರಾಂ ಹಿಟ್ಟಿನ ಮುದ್ದೆ ಉಂಡರೆ 5 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ದಿನದ ಪ್ರಮಾಣ ಗಂಡಸರಿಗೆ 17, ಹೆಂಗಸರಿಗೆ 13.2 ಮಿಲಿಗ್ರಾಂ. 2010ರ ಪಟ್ಟಿಯಲ್ಲಿ ಇದು 12 ಮತ್ತು 10 ಇತ್ತು. ಧಾನ್ಯವೇ ಹೆಚ್ಚಿರುವ ನಮ್ಮ ಊಟದಿಂದ ಮೈಗೆ ಹತ್ತುವ ಸತು ಕಡಿಮೆ ಎಂಬುದನ್ನು ಲೆಕ್ಕಕ್ಕೆ ಹಿಡಿದಾಗ ಅಂಕಿ ಮೇಲೇರಿತು.

ಇಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಕೆಲಸ ನೆನೆಯಬೇಕು. ಸಿ.ಎಫ್.ಟಿ.ಆರ್.ಐ. ಎಂದರೆ ಎಲ್ಲರಿಗೂ ಗೊತ್ತು. ಅಲ್ಲಿನ ಕಲ್ಪನಾ ಪ್ಲಾಟೆಲ್, ಕೆ. ಶ್ರೀನಿವಾಸನ್ ಮತ್ತು ಅವರ ಸಂಗಡಿಗರು ನಮ್ಮ ಅಡುಗೆ ಮನೆಯ ವಿಧಾನಗಳನ್ನೇ ಪ್ರಯೋಗಾಲಯದಲ್ಲಿ ಒರೆಗೆ ಹಚ್ಚಿದರು. ಕಾಳಿನಲ್ಲಿ ಎಷ್ಟು ಸತು ಇದೆ ಎಂದಷ್ಟೇ ಅಲ್ಲ, ಜೀರ್ಣವಾದ ಮೇಲೆ ಎಷ್ಟು ಬಿಡುಗಡೆಯಾಗಿ ಕರುಳಿಗೆ ಸಿಗುತ್ತದೆ ಎಂದು ಅಳೆದರು.

2007ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ನಮಗೆ ಅಚ್ಚರಿ ತಂದಿತು. ಇಡ್ಲಿ, ದೋಸೆ ಹಿಟ್ಟು ಹುಳಿದಾಗ ಸಿಗುವ ಸತು ಚೆನ್ನಾಗಿಯೇ ಹೆಚ್ಚಿತು. ಆದರೆ ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳಿನಲ್ಲಿ ಸಿಗುವ ಕಬ್ಬಿಣ ಹೆಚ್ಚಾಗಿ, ಸಿಗುವ ಸತು ಕಡಿಮೆಯಾಯಿತು. ಮೊಳಕೆ ಬರಿಸಿದರೆ ಎಲ್ಲವೂ ಹೆಚ್ಚುತ್ತದೆ ಎಂದು ನಾವೂ ಹಿಂದೊಮ್ಮೆ ಬರೆದಿದ್ದೆವು. ಅದು ಪೂರ್ತಿ ಸರಿಯಲ್ಲ ಎಂದು ಇಲ್ಲೇ ಒಪ್ಪಿಕೊಳ್ಳುತ್ತೇವೆ. ಕಬ್ಬಿಣಕ್ಕೆ ಮೊಳಕೆ ಒಳ್ಳೆಯದು, ಸತುವಿಗೆ ಹುಳಿ ಬರಿಸುವುದು ಮೇಲು.

2010ರ ಇನ್ನೊಂದು ಅಧ್ಯಯನ ನಮ್ಮ ಜಿಲ್ಲೆಯವರು ಓದಲೇಬೇಕಾದದ್ದು. ಧಾನ್ಯ, ಬೇಳೆಗಳ ಜೊತೆ ಈರುಳ್ಳಿ ಅಥವಾ ಬೆಳ್ಳುಳ್ಳಿ ಇದ್ದರೆ ಅವುಗಳಲ್ಲಿನ ಸತು ಮತ್ತು ಕಬ್ಬಿಣ ಹೆಚ್ಚು ಬಿಡುಗಡೆಯಾಗುತ್ತವೆ. ಚಿತ್ರದುರ್ಗದ ಈರುಳ್ಳಿ ಬೆಲೆ ಬಿದ್ದು ರಸ್ತೆಗೆ ಸುರಿದ ಸುದ್ದಿಯನ್ನು ನಾವು ಎಷ್ಟು ಸಲ ಕಳಿಸಿದ್ದೇವೋ ಲೆಕ್ಕವಿಲ್ಲ. ಅದೇ ಈರುಳ್ಳಿ ಮುದ್ದೆಯ ಪಕ್ಕದಲ್ಲಿದ್ದರೆ ಮಾಡುವ ಕೆಲಸದ ಸುದ್ದಿಯನ್ನು ಮಾತ್ರ ಇದುವರೆಗೆ ಬರೆದಿರಲಿಲ್ಲ.

ಮಣ್ಣಿನೊಳಗಿನ ಬೀಗ

ಕಾಳಿಗೆ ಸತು ಬರುವುದು ಮಣ್ಣಿನಿಂದ. ಈಗ ಹೊಲಕ್ಕೆ ಬರೋಣ.

ಹೊಳಲ್ಕೆರೆ, ಚಿತ್ರದುರ್ಗದ ಕಡೆ ಮೆಕ್ಕೆಜೋಳ ಬೆಳೆಯುವವರು ಎಳೆ ಎಲೆಯ ಮೇಲೆ ಬಿಳಿ ಪಟ್ಟೆ ಬೀಳುವುದನ್ನು ಕಂಡಿರುತ್ತಾರೆ. ಅದು ಸತುವಿನ ಕೊರತೆ. ಭತ್ತದಲ್ಲಿ ಎಲೆ ತುಕ್ಕು ಬಣ್ಣಕ್ಕೆ ತಿರುಗುವ 'ಖೈರಾ' ರೋಗವನ್ನು ಉತ್ತರ ಭಾರತದ ಪಂತನಗರದಲ್ಲಿ ಪರೀಕ್ಷಿಸಿ, ಇದು ಕೀಟವೂ ಅಲ್ಲ, ಶಿಲೀಂಧ್ರವೂ ಅಲ್ಲ, ಸತುವಿನ ಕೊರತೆ ಎಂದು 1966ರಲ್ಲಿ ಹೇಳಿದವರು ವೈ.ಎಲ್. ನೆನೆ. ಸತುವಿನ ಸಲ್ಫೇಟ್ ಸಿಂಪಡಿಸಿದರೆ ಪೈರು ಚೇತರಿಸಿಕೊಂಡಿತು. ಮುಂದೆ ನೆನೆ ಅವರು ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಗೆ ಬಂದು ಬಹಳ ವರ್ಷ ದುಡಿದರು.

ಅದೇ ಇಕ್ರಿಸ್ಯಾಟ್ ಮುಂದೆ ನಮ್ಮ ಹೊಲಗಳಿಗೂ ಬಂತು. ಸುಜಲ ಜಲಾನಯನ ಯೋಜನೆ ನಡೆದ ಜಿಲ್ಲೆಗಳಲ್ಲಿ ಕೋಲಾರ, ತುಮಕೂರು, ಹಾವೇರಿ, ಧಾರವಾಡದ ಜೊತೆ ಚಿತ್ರದುರ್ಗವೂ ಒಂದು. ಆಗ ರೈತರ ಹೊಲಗಳ ಮಣ್ಣು ತೆಗೆದು ಪರೀಕ್ಷಿಸಿದಾಗ ಸಾರಜನಕ, ರಂಜಕದ ಕೊರತೆಯಷ್ಟೇ ಅಲ್ಲ, ಗಂಧಕ, ಬೋರಾನ್, ಸತು ಮೂರೂ ಹಲವೆಡೆ ಕಡಿಮೆ ಎಂದು ಕಂಡಿತು. ಆ ಅನುಭವದ ಮೇಲೆ 2009ರಲ್ಲಿ ರಾಜ್ಯ ಸರ್ಕಾರ ಭೂಚೇತನ ಆರಂಭಿಸಿತು. ರೈತ ಅನುವುಗಾರರು ಮನೆ ಮನೆಗೆ ಬಂದು ಹೇಳಿದ್ದು, ರೈತ ಸಂಪರ್ಕ ಕೇಂದ್ರದಲ್ಲಿ ಅರ್ಧ ಬೆಲೆಗೆ ಜಿಪ್ಸಂ, ಬೋರಾಕ್ಸ್, ಜಿಂಕ್ ಸಲ್ಫೇಟ್ ಕೊಟ್ಟದ್ದು ಹಲವರಿಗೆ ನೆನಪಿರಬಹುದು. ನಮ್ಮ ಹಳ್ಳಿಗಳಲ್ಲಿ 'ಜಿಂಕ್' ಎಂಬ ಮಾತು ಮಾತ್ರೆಗಿಂತ ಮೊದಲು ಗೊಬ್ಬರದ ಚೀಲದ ಮೇಲೆ ಬಂದದ್ದು.

ಈ ಕೊರತೆಯೂ ಪೂರ್ತಿ ಇಲ್ಲದ ಕೊರತೆಯಲ್ಲ. ಹಿರಿಯೂರು ಕಡೆಯ ಎರೆಭೂಮಿಯಂಥ ಸುಣ್ಣ, ಕ್ಷಾರ ಹೆಚ್ಚಿರುವ ಮಣ್ಣಿನಲ್ಲಿ ಸತು ಇದ್ದರೂ ಬೇರಿಗೆ ಕರಗಿ ಸಿಗುವುದಿಲ್ಲ. ಅದರ ಮೇಲೆ ವರ್ಷ ವರ್ಷ ಡಿ.ಎ.ಪಿ. ಸುರಿದು ರಂಜಕ ಅತಿಯಾದರೆ ಬೆಳೆಗೆ ಸತು ಹತ್ತುವುದು ಇನ್ನೂ ಕಡಿಮೆಯಾಗುತ್ತದೆ. ಡಿ.ಎ.ಪಿ. ಮತ್ತು ಜಿಂಕ್ ಸಲ್ಫೇಟನ್ನು ಒಟ್ಟಿಗೆ ಬೆರೆಸಿ ಹಾಕಬೇಡಿ ಎಂದು ಕೃಷಿ ಅಧಿಕಾರಿಗಳು ಹೇಳುವುದು ಇದಕ್ಕೇ. ಮಣ್ಣಿನಲ್ಲಿ ಸತುವನ್ನು ತಡೆಯುವುದೂ ರಂಜಕ, ಕಾಳಿನೊಳಗೆ ಫೈಟೇಟ್ ರೂಪದಲ್ಲಿ ಸತುವನ್ನು ಹಿಡಿಯುವುದೂ ಅದೇ ರಂಜಕ.

ತಳಿಯಲ್ಲೂ ದಾರಿ ಹುಡುಕುವ ಕೆಲಸ ನಡೆದಿದೆ. ಹೊಸದುರ್ಗ ಸಾವೆ ಬೆಳೆಯುವ ನಾಡು. ಹೈದರಾಬಾದಿನ ಸಿರಿಧಾನ್ಯ ಸಂಶೋಧನಾ ಸಂಸ್ಥೆಯಿಂದ 2020ರಲ್ಲಿ ಸಿ.ಎಲ್.ಎಂ.ವಿ.-1 ಎಂಬ ಸಾವೆ ತಳಿ ಬಂದಿದೆ. ಕಬ್ಬಿಣ, ಸತು ಹೆಚ್ಚಿರುವಂತೆ ಬೆಳೆಸಿದ ತಳಿ ಅದು. ಆದರೆ ಸಾವೆ ಅಕ್ಕಿಯನ್ನು ಬೆಳ್ಳಗಾಗುವಂತೆ ಪಾಲಿಶ್ ಮಾಡಿದರೆ ಹೊಟ್ಟಿನ ಜೊತೆ ಸತುವಿನ ಒಂದು ಪಾಲೂ ಹೋಗುತ್ತದೆ.

ಸತು ಮತ್ತು ಮೈಯ ಕಾವಲು

ಮತ್ತೆ ಮನುಷ್ಯನ ಮೈಗೆ ಬರೋಣ. ದೊಡ್ಡವರ ಮೈಯಲ್ಲಿ ಒಟ್ಟು ಸತು ಸುಮಾರು 2 ಗ್ರಾಂ. ಬಹುಪಾಲು ಮಾಂಸಖಂಡ ಮತ್ತು ಎಲುಬಿನಲ್ಲಿ. ರಕ್ತದಲ್ಲಿ ಓಡಾಡುವುದು ಬಹಳ ಕಡಿಮೆ. ಕಬ್ಬಿಣಕ್ಕಿರುವಂತೆ ಬೇಕೆಂದಾಗ ತೆಗೆದುಕೊಳ್ಳುವ ಕಣಜ ಸತುವಿಗಿಲ್ಲ. ದಿನದಿನದ ಊಟದಿಂದಲೇ ಬರಬೇಕು.

ರೋಗ ತಡೆಯುವ ಕೆಲಸಕ್ಕೆ ಸತು ಎಷ್ಟು ಬೇಕು ಎಂಬುದನ್ನು ಮೊದಲು ತೋರಿಸಿಕೊಟ್ಟವುಗಳಲ್ಲಿ ಕರುಗಳೂ ಇವೆ. ಡೆನ್ಮಾರ್ಕ್ ಮೂಲದ ಫ್ರೀಸಿಯನ್ ಹಸುಗಳ ಕೆಲವು ಕರುಗಳು ಹುಟ್ಟುವಾಗ ಚೆನ್ನಾಗಿದ್ದು, ಕೆಲವೇ ವಾರದಲ್ಲಿ ಚರ್ಮ ಬಿರಿದು ಸೋಂಕಿನಿಂದ ಸಾಯುತ್ತಿದ್ದವು. ಅವುಗಳ ಕರುಳಿಗೆ ಸತು ಹೀರುವ ಶಕ್ತಿ ಹುಟ್ಟಿನಿಂದಲೇ ಇರಲಿಲ್ಲ. ಸತ್ತ ಕರುಗಳಲ್ಲಿ ಥೈಮಸ್ ಎಂಬ ಗ್ರಂಥಿ ಸೊರಗಿಹೋಗಿತ್ತು. ಹೆಚ್ಚು ಸತು ಕೊಟ್ಟರೆ ಕರುಗಳು ಬದುಕುತ್ತಿದ್ದವು. ಮನುಷ್ಯರ ಮಕ್ಕಳಲ್ಲೂ ಇಂಥದೇ ಅಪರೂಪದ ಕಾಯಿಲೆ ಇದೆ. ಅದಕ್ಕೆ ಸತುವೇ ಮದ್ದು ಎಂದು 1970ರ ದಶಕದಲ್ಲಿ ಲಂಡನ್ನಿನ ವೈದ್ಯ ಎಡ್ಮಂಡ್ ಮೊಯ್ನಾಹನ್ ತೋರಿಸಿದರು.

ಥೈಮಸ್ ಎಂದರೆ ಎದೆಯ ಎಲುಬಿನ ಹಿಂದೆ ಇರುವ ಗ್ರಂಥಿ. ರೋಗಾಣುಗಳ ವಿರುದ್ಧ ಹೋರಾಡುವ ಟಿ ಕೋಶಗಳು ಅಲ್ಲಿ ತರಬೇತಿ ಪಡೆಯುತ್ತವೆ. ಪೊಲೀಸರಿಗೆ ತರಬೇತಿ ಶಾಲೆ ಇದ್ದ ಹಾಗೆ. ಮಕ್ಕಳಲ್ಲಿ ದೊಡ್ಡದಾಗಿರುವ ಈ ಗ್ರಂಥಿ ಹರೆಯ ದಾಟಿದ ಮೇಲೆ ಕುಗ್ಗುತ್ತಾ ಹೋಗಿ, ಮುಪ್ಪಿನಲ್ಲಿ ಬಹುಪಾಲು ಕೊಬ್ಬಾಗಿರುತ್ತದೆ. ಈ ಗ್ರಂಥಿ ಬಿಡುಗಡೆ ಮಾಡುವ ಥೈಮುಲಿನ್ ಎಂಬ ಹಾರ್ಮೋನು ಕೆಲಸ ಮಾಡಬೇಕಾದರೆ ಅದಕ್ಕೆ ಸತು ಅಂಟಿರಲೇಬೇಕು ಎಂದು ಫ್ರಾನ್ಸಿನ ಮಿರೇಯ್ ದಾರ್ದೆನ್, ಜಾನ್-ಫ್ರಾಂಸ್ವಾ ಬಾಕ್ ಮತ್ತು ಸಂಗಡಿಗರು 1982ರಲ್ಲಿ ತೋರಿಸಿದರು. ಅಷ್ಟರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ನೆಲೆಸಿದ್ದ ಆನಂದ ಪ್ರಸಾದ್, ಸತು ಸ್ವಲ್ಪವೇ ಕಡಿಮೆಯಾದರೂ ಕೆಲಸ ಮಾಡುವ ಥೈಮುಲಿನ್ ಇಳಿಯುತ್ತದೆ, ಸತು ಕೊಟ್ಟರೆ ಮತ್ತೆ ಏರುತ್ತದೆ ಎಂದು 1988ರಲ್ಲಿ ವರದಿ ಮಾಡಿದರು.

ಮುಪ್ಪಿನ ಬೀಗ

ಈಗ ತಾತನ ವಿಷಯ. ವಯಸ್ಸಾದವರಿಗೆ ಸತು ಕಡಿಮೆಯಾಗಲು ಕಣ್ಣಿಗೆ ಕಾಣುವ ಕಾರಣಗಳಿವೆ. ಹಲ್ಲು ಹೋಗಿ ಕಾಳು, ಬೀಜ, ಮಾಂಸ ಬಿಟ್ಟು ಗಂಜಿ, ಅನ್ನ ಸಾರಿಗೆ ಬರುತ್ತಾರೆ. ಊಟವೇ ಅರ್ಧವಾಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಮೂತ್ರದಲ್ಲಿ ಸತು ಹೆಚ್ಚು ಹೋಗುತ್ತದೆ. ಬಿ.ಪಿ.ಗೆ ಕೊಡುವ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳಿಂದಲೂ ಹಾಗೇ ಆಗುತ್ತದೆ. ಹಾಗೆಂದು ಆ ಮಾತ್ರೆ ಬಿಡಬೇಡಿ, ವೈದ್ಯರನ್ನು ಕೇಳಿ.

ಕಣ್ಣಿಗೆ ಕಾಣದ ಕಾರಣ ಇನ್ನೂ ಆಳದ್ದು. ಜೀವಕೋಶದೊಳಗೆ ಮೆಟಲೋಥಯೋನಿನ್ ಎಂಬ ಪ್ರೋಟೀನು ಇದೆ. 1957ರಲ್ಲಿ ಕುದುರೆಯ ಮೂತ್ರಪಿಂಡದಲ್ಲಿ ಮೊದಲು ಸಿಕ್ಕಿತು. ಇದು ಸತುವನ್ನು ಹಿಡಿದಿಟ್ಟುಕೊಂಡು, ಜ್ವರ, ಗಾಯದಂಥ ಕಷ್ಟ ಬಂದಾಗ ಬೇಕಾದಷ್ಟು ಬಿಟ್ಟುಕೊಡುವ ಕೈ. ವಯಸ್ಸಿನ ಮೈಯಲ್ಲಿ ಕಷ್ಟ ಬಂದು ಹೋಗುತ್ತದೆ, ಕೈ ಹಿಡಿಯುತ್ತದೆ, ಬಿಡುತ್ತದೆ. ಮುಪ್ಪಿನಲ್ಲಿ ಮಾತ್ರ ಯಾವುದೇ ಜ್ವರವಿಲ್ಲದೆಯೂ ಸಣ್ಣ ಉರಿಯೂತ ಬೂದಿಯೊಳಗಿನ ಕೆಂಡದಂತೆ ಸದಾ ಇರುತ್ತದೆ. ಅದರಿಂದ ಮೆಟಲೋಥಯೋನಿನ್ ಸದಾ ಹೆಚ್ಚಿರುತ್ತದೆ. ಹಿಡಿದ ಸತುವನ್ನು ಬಿಡುವುದಿಲ್ಲ. ಇಟಲಿಯ ಆಂಕೋನಾ ನಗರದ ಯೂಜೆನಿಯೊ ಮೊಕ್ಕೆಜಾನಿ ಮತ್ತು ಸಂಗಡಿಗರು ವರ್ಷಗಟ್ಟಲೆ ಕೆಲಸ ಮಾಡಿ ಮುಂದಿಟ್ಟ ವಿವರಣೆ ಇದು. ತೊಂಬತ್ತು, ನೂರು ದಾಟಿದ ಗಟ್ಟಿ ಹಿರಿಯರಲ್ಲಿ ಈ ಪ್ರೋಟೀನು ಕಡಿಮೆ ಇದ್ದು ಸತು ಬಿಡುಗಡೆ ಚೆನ್ನಾಗಿರುವುದನ್ನೂ ಅವರು ಕಂಡರು.

ಇನ್ನೊಂದು ಕಾರಣ ಬಾಗಿಲುಗಳದು. ಸತು ತಾನಾಗಿ ಕೋಶದೊಳಗೆ ಹೋಗಲಾರದು. ಅದನ್ನು ಒಳಗೆ ಬಿಡುವ 14 ಬಗೆಯ ಮತ್ತು ಹೊರಗೆ ಕಳಿಸುವ 10 ಬಗೆಯ ಸಾಗಣೆ ಪ್ರೋಟೀನುಗಳು ಮನುಷ್ಯರಲ್ಲಿವೆ. ಅಮೆರಿಕದ ಆರೆಗನ್ ರಾಜ್ಯದ ಎಮಿಲಿ ಹೋ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುದಿ ಇಲಿಗಳ ರಕ್ಷಣಾ ಕೋಶಗಳಲ್ಲಿ ಒಳಬಾಗಿಲಿನ ಒಂದು ಬಗೆ ಕಡಿಮೆಯಾಗಿತ್ತು, ಉರಿಯೂತ ಹೆಚ್ಚಿತ್ತು. ಹೆಚ್ಚು ಸತು ಕೊಟ್ಟಾಗ ಉರಿಯೂತ ಇಳಿಯಿತು.

ಎರೆಭೂಮಿಯಲ್ಲಿದ್ದೂ ಬೇರಿಗೆ ಸಿಗದ ಸತುವಿನ ಕಥೆಯೇ ಇದು. ಮುಪ್ಪಿನ ಮೈಯಲ್ಲಿ ಸತು ಇರುತ್ತದೆ. ಕಾವಲು ಕೋಶಕ್ಕೆ ಬೇಕಾದಾಗ ಅದು ತಲುಪುವುದಿಲ್ಲ.

ಕೊಟ್ಟರೆ ಸರಿಹೋಗುತ್ತದೆಯೇ?

ಅರ್ಧ ಹೌದು, ಅರ್ಧ ಅಲ್ಲ.

2007ರಲ್ಲಿ ಪ್ರಸಾದ್ ಅವರ ತಂಡ ಡೆಟ್ರಾಯಿಟ್‌ನಲ್ಲಿ 55ರಿಂದ 87 ವರ್ಷದ ಸುಮಾರು 50 ಜನರ ಮೇಲೆ ಮಾಡಿದ ಪರೀಕ್ಷೆಯನ್ನು ಪ್ರಕಟಿಸಿತು. ಅರ್ಧ ಜನರಿಗೆ ವೈದ್ಯರ ನಿಗಾದಲ್ಲಿ ಒಂದು ವರ್ಷ ದಿನಕ್ಕೆ 45 ಮಿಲಿಗ್ರಾಂ ಸತು, ಉಳಿದವರಿಗೆ ಸತು ಇಲ್ಲದ ಹುಸಿ ಮಾತ್ರೆ. ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ 88 ಜನರಿಗೆ ಆ ವರ್ಷ ಸೋಂಕು ಬಂತು. ಸತು ತೆಗೆದುಕೊಂಡವರಲ್ಲಿ ಶೇ 29. ಅದೇ ವರ್ಷ ಬಾಸ್ಟನ್ ಸುತ್ತಲಿನ 33 ವೃದ್ಧರ ಆರೈಕೆ ಮನೆಗಳ 600ಕ್ಕೂ ಹೆಚ್ಚು ಹಿರಿಯರ ಅಧ್ಯಯನದಲ್ಲಿ, ರಕ್ತದಲ್ಲಿ ಸತು ಸರಿಯಾಗಿದ್ದವರಿಗೆ ನ್ಯುಮೋನಿಯಾ ಕಡಿಮೆ ಎಂದು ಕಂಡಿತು. 2016ರಲ್ಲಿ ಅದೇ ಬಾಸ್ಟನ್ನಿನವರು, ಸತು ಕಡಿಮೆ ಇದ್ದ ಹಿರಿಯರಿಗೆ ಮೂರು ತಿಂಗಳು ದಿನಕ್ಕೆ 30 ಮಿಲಿಗ್ರಾಂ ಕೊಟ್ಟಾಗ ಟಿ ಕೋಶಗಳು ಹೆಚ್ಚಿದವು ಎಂದರು.

ಇವು ಸಣ್ಣ ಪರೀಕ್ಷೆಗಳು. ಮುಖ್ಯವಾಗಿ, ಲಾಭ ಕಂಡದ್ದು ಕೊರತೆ ಇರುವವರಲ್ಲಿ. ಕೊರತೆ ಇಲ್ಲದವರಿಗೆ ಹೆಚ್ಚು ಕೊಟ್ಟರೆ ಹೆಚ್ಚು ಶಕ್ತಿ ಎಂದು ಯಾವುದೂ ಹೇಳಿಲ್ಲ. ಕೊರೋನಾ ಬಂದಾಗ ಊರೆಲ್ಲ ಸತು ನುಂಗಿತು. 2021ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ 214 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಹೆಚ್ಚು ಪ್ರಮಾಣದ ಸತುವಿನಿಂದಾಗಲೀ ವಿಟಮಿನ್ ಸಿ.ಯಿಂದಾಗಲೀ ಕಾಯಿಲೆ ಬೇಗ ವಾಸಿಯಾಗಲಿಲ್ಲ. ನಾವು ತಾತನಿಗೆ ಮಾತ್ರೆ ತಂದುಕೊಟ್ಟದ್ದು ಅದಾದ ಮೇಲೆ. ಪತ್ರಿಕೆಯ ಕೆಲಸದಲ್ಲಿದ್ದೂ ನಾವು ಅದನ್ನು ಓದಿರಲಿಲ್ಲ.

ತಾಮ್ರದ ಲೆಕ್ಕ

ಇನ್ನು ತಾತನ ಮುಖ ಬಿಳಿಚಿದ್ದೇಕೆ? ಇಲ್ಲಿಯೂ ಅದೇ ಮೆಟಲೋಥಯೋನಿನ್. ಬಹಳ ದಿನ ಹೆಚ್ಚು ಸತು ನುಂಗಿದರೆ ಕರುಳಿನ ಗೋಡೆಯಲ್ಲಿ ಈ ಪ್ರೋಟೀನು ಹೆಚ್ಚುತ್ತದೆ. ಅದಕ್ಕೆ ಸತುವಿಗಿಂತ ತಾಮ್ರದ ಮೇಲೆ ಹಿಡಿತ ಬಿಗಿ. ಊಟದಲ್ಲಿನ ತಾಮ್ರ ಅಲ್ಲೇ ಸಿಕ್ಕಿಬಿದ್ದು, ಕರುಳಿನ ಹಳೆಯ ಕೋಶಗಳು ಉದುರುವಾಗ ಹೊರಗೆ ಹೋಗುತ್ತದೆ. ತಾಮ್ರ ಇಲ್ಲದೆ ಕಬ್ಬಿಣ ರಕ್ತಕ್ಕೆ ಒದಗುವುದಿಲ್ಲ, ಬಿಳಿ ರಕ್ತಕಣಗಳು ಇಳಿಯುತ್ತವೆ, ನರಗಳು ಸೋಲುತ್ತವೆ. ರಕ್ತಹೀನತೆ, ಪಾದ ಜೋಮು, ತಡವರಿಸುವ ನಡಿಗೆ. ರೋಗ ತಡೆಯಲಿ ಎಂದು ಕೊಟ್ಟದ್ದು ರೋಗ ತಡೆಯುವ ಕಣಗಳನ್ನೇ ಕಡಿಮೆ ಮಾಡಬಹುದು.

ಚಿತ್ರದುರ್ಗದ ಪಕ್ಕದ ಇಂಗಳದಾಳದಲ್ಲಿ ತಾಮ್ರದ ಗಣಿಯೇ ಇತ್ತು. ತಾಮ್ರದ ಊರಿನ ಮಗ್ಗುಲಲ್ಲಿ ಬದುಕಿದ ತಾತನ ಮೈಯಿಂದ ತಾಮ್ರವನ್ನು ನಾವೇ ಮಾತ್ರೆ ಕೊಟ್ಟು ಹೊರಹಾಕಿಸಿದ್ದೆವು.

ದೊಡ್ಡವರಿಗೆ ಎಲ್ಲ ಮೂಲದಿಂದ ಸೇರಿ ದಿನಕ್ಕೆ 40 ಮಿಲಿಗ್ರಾಂ ಮೇಲ್ಮಿತಿ. ವೈದ್ಯರು ಒಂದು ಕಾರಣಕ್ಕೆ, ಇಷ್ಟು ದಿನಕ್ಕೆ ಎಂದು ಹೆಚ್ಚು ಬರೆದುಕೊಡುವುದು ಬೇರೆ ಮಾತು. ಮಕ್ಕಳ ಭೇದಿಗೆ ಆಶಾ ಕಾರ್ಯಕರ್ತೆಯರು ಓ.ಆರ್.ಎಸ್. ಜೊತೆ ಕೊಡುವ ಜಿಂಕ್ ಮಾತ್ರೆಯನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಹೇಳಿದ ಆ ಚಿಕಿತ್ಸೆ 10ರಿಂದ 14 ದಿನದ್ದು. ಅದನ್ನು ಪೂರ್ತಿ ಕೊಡಿ, ನಡುವೆ ನಿಲ್ಲಿಸಬೇಡಿ.

ಮನೆಯಲ್ಲಿ ಮಾಡಬಹುದಾದದ್ದು

ನಾವು ವೈದ್ಯರಲ್ಲ. ಓದಿ ತಿಳಿದದ್ದನ್ನು, ಮನೆಯಲ್ಲಿ ಈಗ ಮಾಡುತ್ತಿರುವುದನ್ನು ಹೇಳುತ್ತೇವೆ.

ಹಿರಿಯರ ತಟ್ಟೆಯಲ್ಲಿ ಬರೀ ಗಂಜಿ, ಅನ್ನ ಸಾರು ಇರದಂತೆ ನೋಡಿ. ಹಲ್ಲಿಲ್ಲದವರಿಗೆ ಶೇಂಗಾ, ಎಳ್ಳನ್ನು ಪುಡಿ ಅಥವಾ ಚಟ್ನಿ ಮಾಡಿ ಕೊಡಿ. ಶೇಂಗಾದಲ್ಲಿ ರಾಗಿಗಿಂತ ಸ್ವಲ್ಪ ಹೆಚ್ಚು, ಎಳ್ಳಿನಲ್ಲಿ ಇನ್ನೂ ಹೆಚ್ಚು ಸತು ಇದೆ. ಹುರುಳಿಯನ್ನು ಬೇಯಿಸಿ ಬಸಿದು ಕಟ್ಟಿನ ಜೊತೆ ಕಾಳನ್ನೂ ಅರೆದು ಹಾಕಿ. ತಿನ್ನುವವರಾದರೆ ಮೊಟ್ಟೆ, ಮೆತ್ತಗೆ ಬೆಂದ ಮಾಂಸ. ಮಾಂಸದ ಸತುವಿಗೆ ಫೈಟೇಟಿನ ಅಡ್ಡಿಯಿಲ್ಲ. ರಾಗಿ ಅಂಬಲಿಯನ್ನು ರಾತ್ರಿಯಿಡೀ ಹುಳಿ ಬರಿಸಿ. ಮುದ್ದೆಯ ಪಕ್ಕ ಈರುಳ್ಳಿ, ಸಾರಿಗೆ ಬೆಳ್ಳುಳ್ಳಿ ಇರಲಿ. ಹೊಲಕ್ಕೆ ಜಿಂಕ್ ಸಲ್ಫೇಟ್ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ.

ಹಿರಿಯರಿಗೆ ಮೇಲಿಂದ ಮೇಲೆ ಕೆಮ್ಮು ಜ್ವರ ಬರುತ್ತಿದ್ದರೆ, ಗಾಯ ಮಾಯದಿದ್ದರೆ, ಬಾಯಿ ರುಚಿ ಹೋಗಿದ್ದರೆ 'ವಯಸ್ಸಾಯ್ತಲ್ಲ' ಎಂದು ಬಿಡಬೇಡಿ. ಸತುವೇ ಕಾರಣ ಎಂದು ನೀವೇ ತೀರ್ಮಾನಿಸಲೂ ಬೇಡಿ. ಕ್ಷಯ, ಸಕ್ಕರೆ ಕಾಯಿಲೆ, ಇನ್ನೇನೋ ಇರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ ಹಾಳೆಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ನಮ್ಮ ತಾತನ ವಿಷಯದಲ್ಲಿ ಕಾರಣ ತೋರಿಸಿಕೊಟ್ಟದ್ದು ಅಂಥ ಒಂದು ಹಾಳೆ.

ತಾತ ಈಗ ಸುಧಾರಿಸಿದ್ದಾರೆ. ರಕ್ತ ಏರಿದೆ. ಪಾದದ ಜೋಮು ಪೂರ್ತಿ ಹೋಗಿಲ್ಲ, ಕೋಲು ಹಿಡಿದೇ ತೋಟಕ್ಕೆ ಹೋಗುತ್ತಾರೆ. ಬೆಳಗ್ಗೆ ಹುಳಿ ಅಂಬಲಿ, ಒಂದು ಈರುಳ್ಳಿ. ಮೊನ್ನೆ ಈ ಬರಹವನ್ನು ಅವರಿಗೆ ಓದಿ ಹೇಳಿದೆವು. ಪೂರ್ತಿ ಕೇಳಿ, 'ಹೊಲಕ್ಕೆ ಹಾಕೋವಾಗ ಮಣ್ಣು ಪರೀಕ್ಷೆ ಮಾಡಿಸ್ತೀರಿ, ನನಗೆ ಹಾಕೋವಾಗ ಯಾಕೆ ಮಾಡಿಸ್ಲಿಲ್ಲ?' ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ.